ಕೈಗೆ ಕೊಡದ ಉಪ್ಪು

ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಇಬ್ಬರ ನಡುವೆ ಜಗಳವಾಗುತ್ತದೆ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ನಾನು ನಂಬುವುದಿಲ್ಲ. ಯಾಕೆ ನಂಬುವುದಿಲ್ಲ ಎಂಬುದನ್ನು ಹದಿನಾರನೆಯ ವಯಸ್ಸಿನಲ್ಲೇ ಒಂದೇ ಉಸಿರಿಗೆ ಹೇಳುತ್ತಿದ್ದೆ. ಜಗಳವಾದ ಮನೆಯವರು ಉಪ್ಪು ಕೊಟ್ಟದ್ದನ್ನು ನೆನಪಿಟ್ಟುಕೊಳ್ಳುತ್ತಾರೆ, ಜಗಳವಾಗದ ಮನೆಯವರು ಮರೆತುಬಿಡುತ್ತಾರೆ, ಅಷ್ಟೇ. ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ರಸಾಯನಶಾಸ್ತ್ರ ಕಲಿಸುವ ಒಬ್ಬ ಮನುಷ್ಯ ನನ್ನ ಅಂಗೈಗೆ ಒಂದು ಹರಳು ಉಪ್ಪು ಹಾಕಲು ಒಪ್ಪುತ್ತಿರಲಿಲ್ಲ. ಒಂದು ಸಲ ಮಾತ್ರ ಹಾಕಿದರು.

ಹೋದ ತಿಂಗಳು ಕಾಲೇಜಿನ ಹಳೆಯ ವಾಟ್ಸಾಪ್ ಗುಂಪಿನಲ್ಲಿ ಅವರ ಫೋಟೊ ಬಂತು. ಕೆಳಗೆ ಶ್ರದ್ಧಾಂಜಲಿಯ ಮಾತು, ಮುಗಿದ ಕೈಗಳ ಸಾಲು. ಕಲಬುರ್ಗಿಯಿಂದ ಬೀದರಿಗೆ ಬಂದು ಚಿದ್ರಿಯ ಅವರ ಮನೆ ಬಾಗಿಲು ತಟ್ಟುವಷ್ಟರಲ್ಲಿ ಹದಿನೈದು ದಿನ ಕಳೆದಿತ್ತು. ಬಾಗಿಲು ತೆರೆದವರು ಅಮ್ಮ, ಅಂದರೆ ಸರ್ ಅವರ ಹೆಂಡತಿ. ಪರೀಕ್ಷೆಯ ದಿನಗಳಲ್ಲಿ ಆ ಮನೆಯಲ್ಲಿ ಎಷ್ಟೋ ಸಲ ಜೋಳದ ರೊಟ್ಟಿ ತಿಂದಿದ್ದೇನೆ. ಆಗೆಲ್ಲ ಅವರು ನನ್ನನ್ನು "ಏ ಹುಡುಗಿ" ಎಂದೇ ಕರೆಯುತ್ತಿದ್ದರು. ಈಗ ಒಂದು ಕ್ಷಣ ನನ್ನ ಮುಖ ನೋಡಿ, "ಬನ್ರಿ. ಕುಂದರ್ರಿ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ 'ರಿ' ಎದೆಗೆ ತಾಕಿತು. ನೀರಿನ ಚೊಂಬು ತಂದಿಟ್ಟು ಒಳಗೆ ಹೋದರು. ನಾನು ಗೋಡೆಯ ಮೇಲಿನ ಬಿಸಿಲನ್ನು ನೋಡುತ್ತ ಕುಳಿತೆ.

ಆ ಬಿಸಿಲಿನಲ್ಲಿ ರೈಲು ಕಾಣಿಸಿತು. ಕನಸುಗಳ ಬಗ್ಗೆ ನನಗೆ ದೊಡ್ಡ ಗೌರವವಿಲ್ಲ. ಆದರೆ ಸರ್ ನೆನಪಾದಾಗಲೆಲ್ಲ ಮೊದಲು ಅವರು ಬರುವುದಿಲ್ಲ, ಹಲಬರ್ಗಾ ಸ್ಟೇಷನ್ನಿನ ಬೆಳಗಿನ ಮಂಜು ಬರುತ್ತದೆ. ಬೀದರಿನಿಂದ, ನಮ್ಮ ಕಾಲೇಜಿದ್ದ ಭಾಲ್ಕಿಯ ಕಡೆಗೆ ಹೋಗುವ ಪ್ಯಾಸೆಂಜರ್ ಗಾಡಿ ಕೆಂಪು ನೆಲದಿಂದ ಇಳಿದು ಕಪ್ಪು ನೆಲಕ್ಕೆ ಬಂದು ನಮ್ಮೂರಲ್ಲಿ ನಿಲ್ಲುತ್ತಿತ್ತು. ಮೂರನೆಯ ಡಬ್ಬಿಯ ಕಿಟಕಿಯಲ್ಲಿ ಮಫ್ಲರ್ ಸುತ್ತಿದ ಒಂದು ತಲೆ. ಮುಂದಿನ ಸೀಟಿನ ಮೇಲೆ ನನಗಾಗಿ ಇಟ್ಟ ಕೊಡೆ. ನಾನು ಹತ್ತಿದ ಕೂಡಲೇ ಕೊಡೆ ಎತ್ತುತ್ತ, "ಬನ್ರಿ ವಕೀಲ ಸಾಹೇಬ್ರ, ಇವತ್ತೇನು ತಕರಾರ್?" ಎನ್ನುವುದು ದಿನದ ಪಾಠ.

ವಕೀಲ ಸಾಹೇಬ ಎಂದರೆ ನಾನು. ಜಿಲ್ಲೆಯ ಚರ್ಚಾಸ್ಪರ್ಧೆಗಳಲ್ಲಿ ಪರ ಎಂದರೆ ಪರ, ವಿರೋಧ ಎಂದರೆ ವಿರೋಧ, ಯಾವ ಕಡೆ ನಿಲ್ಲಿಸಿದರೂ ಗೆಲ್ಲುತ್ತಿದ್ದೆ. ಸೋತವರ ಮುಖವನ್ನು ತಿರುಗಿ ನೋಡುವ ಅಭ್ಯಾಸ ಇರಲಿಲ್ಲ.

ಸರ್ ಚೀಲದಿಂದ ಪೇರಲ ತೆಗೆದು ಚಾಕುವಿನಿಂದ ನಾಲ್ಕು ಹೋಳು ಮಾಡುತ್ತಿದ್ದರು. ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಕಾಗದದ ಪುಡಿಕೆ, ಅದರಲ್ಲಿ ಹರಳುಪ್ಪು. ಪುಡಿಕೆಯನ್ನು ಬಿಚ್ಚಿ ಸೀಟಿನ ಮೇಲೆ ಇಡುವರು, ನಾನು ಅಲ್ಲಿಂದ ತೆಗೆದುಕೊಳ್ಳಬೇಕು. ನಾನು ಬೇಕೆಂದೇ ಅಂಗೈ ಚಾಚುತ್ತಿದ್ದೆ.

"ಕೈಗೇ ಹಾಕ್ರಿ ಸರ್. ವಿಜ್ಞಾನ ಕಲಸಾವ್ರು ನೀವು. ಇದನ್ನೆಲ್ಲಾ ನಂಬ್ತೀರೇನು?"

"ನಂಬ್ತೇನಂತ ಯಾರ್ ಹೇಳಿದ್ರು? ನಿನ್ನ ಜೊತಿ ಮೊದ್ಲೇ ದಿನಾ ಜಗಳಾ ನಡದದ. ಮ್ಯಾಲೆ ಇದೊಂದು ಯಾಕ?"

ಹೇಳಿ ಕಿಟಕಿಯ ಕಡೆ ತಿರುಗುವರು. ಮಾತಿನ ನಡುವೆ ಹೀಗೆ ಹೊರಗೆ ಹೋಗಿಬಿಡುವುದು ಅವರ ಸ್ವಭಾವ. ತೊಗರಿ ಹೊಲ, ದೂರದ ಬೇವಿನ ಗಿಡ, ತಂತಿಯ ಮೇಲಿನ ಹಕ್ಕಿ, ಎಲ್ಲವನ್ನೂ ಮೊದಲ ಸಲ ನೋಡುವವರಂತೆ ನೋಡಿ, ಎರಡು ನಿಮಿಷದ ನಂತರ ಬಿಟ್ಟ ವಾಕ್ಯಕ್ಕೇ ಮರಳಿ ಬರುತ್ತಿದ್ದರು.

ತರಗತಿಯಲ್ಲೂ ಹಾಗೆಯೇ. ಅವರ ಬಳಿ ಒಂದು ಮರದ ಹಲಗೆ ಇತ್ತು. ಹಳೆಯ ಸೆಲ್ಲುಗಳನ್ನು ಒಡೆದು ತೆಗೆದ ಎರಡು ಕಾರ್ಬನ್ ಕಡ್ಡಿ, ಒಂದು ಬ್ಯಾಟರಿ, ಸಾಸಿವೆಯಷ್ಟು ಕೆಂಪು ದೀಪ. ಕಡ್ಡಿಗಳನ್ನು ಒಣ ಉಪ್ಪಿನ ಬಟ್ಟಲಿಗೆ ಚುಚ್ಚಿದರೆ ದೀಪ ಹತ್ತುತ್ತಿರಲಿಲ್ಲ. ಕಿಟಕಿಗಳನ್ನು ಮುಚ್ಚಿಸಿ, ಕತ್ತಲಲ್ಲಿ ಲೋಟದಿಂದ ಸಣ್ಣಗೆ ನೀರು ಹನಿಸುವರು. ನಾವು ಉಸಿರು ಬಿಗಿಹಿಡಿದು ನೋಡುತ್ತಿದ್ದಂತೆ ಕೆಂಪು ಚುಕ್ಕೆಯೊಂದು ನಿಧಾನವಾಗಿ ಕಣ್ಣು ತೆರೆಯುತ್ತಿತ್ತು.

"ನೀರು ಏನೂ ಹೊಸಾದು ತಂದಿಲ್ಲ ನೋಡ್ರಿ," ಅವರ ಧ್ವನಿ ಕತ್ತಲಿನಿಂದ ಬರುತ್ತಿತ್ತು. "ಅಯಾನುಗಳು ಒಣಾ ಉಪ್ಪಿನಾಗೂ ಇದ್ದೇ ಇದ್ದವು. ಖರೇ, ಒಂದಕ್ಕೊಂದು ಹಿಡಕೊಂಡು ಕುಂತಿದ್ದವು. ತಿರುಗಾಡ್ಲಿಕ್ಕೆ ಹಾದಿ ಇರ್ಲಿಲ್ಲ. ನೀರು ಹಾದಿ ಕೊಡ್ತು."

ಇನ್ನೊಂದು ದಿನ ಕಲ್ಲುಪ್ಪಿನ ಗಟ್ಟಿಯೊಂದನ್ನು ತಂದು ಸುತ್ತಿಗೆಯಿಂದ ಹೊಡೆದರು. ಕನ್ನಡಿ ಸೀಳಿದ ಹಾಗೆ ನೇರವಾಗಿ ಸೀಳಿತು. "ಕಬ್ಬಿಣಾ ಬಡದ್ರ ಬಾಗ್ತದ. ಉಪ್ಪು ಬಾಗಂಗಿಲ್ಲ, ಒಡೀತದ. ಯಾಕ? ಪ್ಲಸ್ಸಿನ ಮುಂದ ಮೈನಸ್ಸು ಇರಾತನಕ ಮನಿ ಗಟ್ಟಿ. ಒಂದು ಸಾಲು ಒಂದೇ ಹೆಜ್ಜಿ ಸರೀತು ಅಂದ್ರ ಪ್ಲಸ್ಸಿನ ಮುಂದ ಪ್ಲಸ್ಸೇ ಬಂದು ನಿಂದರ್ತದ. ಎದುರು-ಬದುರು ಒಂದೇ ಥರದವ್ರು ನಿಂತ್ರಂದ್ರ ಮುಗೀತು." ಸಕ್ಕರೆ ಕರಗಿ ಕರಕಲಾಗುವ ಒಲೆಯ ಮೇಲೆ ಉಪ್ಪು ಬೆಚ್ಚಗಾಗಿ ಕುಳಿತಿರುತ್ತದೆ, ಅದನ್ನು ಕರಗಿಸಲು ಎಂಟುನೂರು ಡಿಗ್ರಿ ಬೇಕು ಎಂದು ಹೇಳುವಾಗ ಅವರ ಮುಖದಲ್ಲಿ ಸ್ವಂತ ಮಗುವಿನ ಹಟವನ್ನು ಹೊಗಳುವ ತಂದೆಯ ಕಳೆ ಇರುತ್ತಿತ್ತು.

ಆದರೆ ಅವರು ಪ್ರಸಿದ್ಧರಾಗಿದ್ದುದು ಸೋಡಿಯಂನ ದಾಸೋಹಕ್ಕೆ. ಶರಣರ ನೆಲದಲ್ಲಿ ಹುಟ್ಟಿದ, ಹಣೆಗೆ ವಿಭೂತಿ ಹಚ್ಚಿಕೊಂಡು ಪ್ರಯೋಗಾಲಯಕ್ಕೆ ಬರುವ ಮೇಷ್ಟರಿಗೆ ಮಾತ್ರ ಹೊಳೆಯಬಹುದಾದ ಕಥೆ ಅದು. ಸೋಡಿಯಂನ ಹೊರಗಿನ ಕಟ್ಟೆಯ ಮೇಲೆ ಒಂದೇ ಎಲೆಕ್ಟ್ರಾನ್. ಕ್ಲೋರಿನ್ನಿನ ಕಟ್ಟೆಯ ಮೇಲೆ ಏಳು, ಎಂಟಕ್ಕೆ ಒಂದು ಕಡಿಮೆ. ಹಸಿದವನು ಬಾಗಿಲಿಗೆ ಬಂದದ್ದನ್ನು ನೋಡಿ ಸೋಡಿಯಂ ಇದ್ದೊಂದನ್ನೂ ನಗುನಗುತ್ತ ಕೊಟ್ಟುಬಿಡುತ್ತದೆ. "ಕೊಟ್ಟು, ನಾ ಕೊಟ್ಟೆ ಅನ್ನಂಗಿಲ್ಲ. ಅದು ದಾಸೋಹ. ಕೊಟ್ಟಾವ ಪ್ಲಸ್ ಆದ, ಇಸ್ಕೊಂಡಾವ ಮೈನಸ್ ಆದ, ಇಬ್ರೂ ಅಗಲಲಾರದಂಗ ಕೂಡಿದ್ರು. ಇದೇ ಅಯಾನಿಕ ಬಂಧ." ಔರಾದಿನಿಂದ ಬಗದಲ್‌ವರೆಗೆ ಅವರ ಎಷ್ಟೋ ವಿದ್ಯಾರ್ಥಿಗಳು ಆಗಲೇ ಶಿಕ್ಷಕರಾಗಿದ್ದರು, ಎಲ್ಲರೂ ತಮ್ಮ ಶಾಲೆಗಳಲ್ಲಿ ಇದೇ ಕಥೆ ಹೇಳುತ್ತಿದ್ದರು.

ನನಗೆ ನಗುನಗುತ್ತ ಕೊಡುವವರ ಮೇಲೆ ಮೊದಲಿನಿಂದಲೂ ಅನುಮಾನ. ಪುಸ್ತಕದ ಕೊನೆಯ ಕೋಷ್ಟಕ ನೋಡಿದೆ. ಮರುದಿನ ತುಂಬಿದ ತರಗತಿಯಲ್ಲಿ ಎದ್ದು ನಿಂತೆ.

"ಸರ್, ಸೋಡಿಯಂನಿಂದ ಎಲೆಕ್ಟ್ರಾನ್ ಕೀಳ್ಬೇಕಂದ್ರ ನಾಕುನೂರಾ ತೊಂಬತ್ತಾರು ಕಿಲೋಜೂಲ್ ಶಕ್ತಿ ಖರ್ಚ್ ಮಾಡ್ಬೇಕು. ಕ್ಲೋರಿನ್ ಅದನ್ನ ಇಸ್ಕೊಂಡಾಗ ವಾಪಸ್ ಬರೋದು ಮುನ್ನೂರಾ ನಲವತ್ತೊಂಬತ್ತು. ನೂರಾ ನಲವತ್ತೇಳು ಕಡಿಮಿ ಬೀಳ್ತದ. ಸೋಡಿಯಂ ನಗ್ತಾ ಕೊಡಂಗಿಲ್ರಿ, ಅದರ ಕೈಲಿಂದ ಕಸಗೋಬೇಕು. ಇದು ದಾಸೋಹ ಅಲ್ರಿ ಸರ್, ದರೋಡಿ."

ತರಗತಿ ಸಿಡಿಯಿತು. ಬೆಂಚು ಬಡಿದರು, ಶಿಳ್ಳೆ ಹೊಡೆದರು. ಸರ್ ಕಿಟಕಿಯಿಂದ ಹೊರಗೆ ನೋಡಿದರು. ಎರಡು ನಿಮಿಷದ ನಂತರ ಬಿಟ್ಟ ವಾಕ್ಯಕ್ಕೆ ಮರಳಿ ಬರುತ್ತಾರೆ ಎಂದು ಕಾದೆ. ಬರಲಿಲ್ಲ. "ನಾಳಿ ಹೇಳ್ತೇನಿ," ಎಂದು ಹಲಗೆ ಎತ್ತಿಕೊಂಡು ಹೋದರು.

ಮರುದಿನ ಅವರು ಕರಿಹಲಗೆಯ ಮೇಲೆ ದುಂಡಗೆ ಬರೆದರು: ನಾನು ಇಪ್ಪತ್ತೇಳು ವರ್ಷ ಹೇಳಿದ್ದು ತಪ್ಪು.

ಯಾರೂ ನಗಲಿಲ್ಲ. ಆ ವಾಕ್ಯದ ಕೆಳಗೆ ಅವರು ಸರಿಯಾದದ್ದನ್ನು ವಿವರಿಸಿದರು. ಕೊಡುವುದರಿಂದ ಏನೂ ದಕ್ಕುವುದಿಲ್ಲ. ಕೊಟ್ಟ ಮೇಲೆ ಹತ್ತಿರ ಬರುವುದರಿಂದ ದಕ್ಕುತ್ತದೆ. ಪ್ಲಸ್ ಮೈನಸ್‌ಗಳು ಒಂದನ್ನೊಂದು ಸೆಳೆದು ಪಕ್ಕಕ್ಕೆ ಬಂದು ನಿಂತಾಗ ಹೊರಬೀಳುವ ಶಕ್ತಿ ಹಿಂದಿನ ಕೊರತೆಯನ್ನೆಲ್ಲ ತುಂಬಿ ಮಿಗುತ್ತದೆ. ಅದೂ ಒಂದು ಜೋಡಿಗೆ ನಿಲ್ಲುವುದಿಲ್ಲ. ಒಂದು ಸೋಡಿಯಂ ಸುತ್ತ ಆರು ಕ್ಲೋರಿನ್, ಪ್ರತಿ ಕ್ಲೋರಿನ್ ಸುತ್ತ ಆರು ಸೋಡಿಯಂ, ಮೇಲೆ ಕೆಳಗೆ ಎಡಕ್ಕೆ ಬಲಕ್ಕೆ ಹಿಂದೆ ಮುಂದೆ, ಹರಳಿನ ಅಂಚಿನವರೆಗೆ. ಯಾರ ಎಲೆಕ್ಟ್ರಾನ್ ಯಾರಿಗೆ ಹೋಯಿತೆಂದು ಕೇಳುವವರಿಲ್ಲ. ಎಲ್ಲ ಸರಿ. ಆದರೆ ಅದನ್ನು ಅವರು ತಪ್ಪೊಪ್ಪಿಗೆ ಓದುವವರ ಧ್ವನಿಯಲ್ಲಿ ಹೇಳಿದರು. ಕಿಟಕಿ ಮುಚ್ಚಿಸಲಿಲ್ಲ, ದೀಪ ತರಲಿಲ್ಲ.

ನಾನು ಗೆದ್ದೆ. ಗೆದ್ದ ಮೇಲೆ ಏನಾಯಿತೆಂದು ಹೇಳುವುದು ಸ್ವಲ್ಪ ಕಷ್ಟ. ರೈಲಿನಲ್ಲಿ ಕೊಡೆ ಇರುತ್ತಿತ್ತು, ಪೇರಲ ಇರುತ್ತಿತ್ತು, ಸೀಟಿನ ಮೇಲೆ ಉಪ್ಪು ಇರುತ್ತಿತ್ತು. ತಕರಾರ್ ಇರಲಿಲ್ಲ. ಆಕಾಶ ನೀಲಿ ಅಲ್ಲ ಎಂದು ವಾದಿಸಿದರೂ "ಹೌದವ್ವಾ, ನೀ ಹೇಳೋದು ಖರೇ ಇರಬೇಕು" ಎನ್ನುವರು. ಎದುರಾಳಿ ನನ್ನ ಪಕ್ಕಕ್ಕೇ ಬಂದು ನಿಂತುಬಿಟ್ಟರೆ ಮಾತು ಹೇಗೆ ಮುಂದುವರಿಯಬೇಕು? ಆಮೇಲೆ ಒಂದು ದಿನ ಮೆಲ್ಲಗೆ ಹೇಳಿದರು. "ಒಂದು ಕೆಲಸಾ ಅದ. ರವಿವಾರ ಔರಾದಿಗೆ ಹೋಗೋಣು. ನೀ ಸಾಕ್ಷಿ."

ಔರಾದಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ಒಬ್ಬ ಮೇಡಂ, ಸರ್‌ಗೆ ಬಹಳ ಹಳೆಯ ವಿದ್ಯಾರ್ಥಿನಿ. ತಪ್ಪನ್ನು ಅವರಿಂದ ತಿದ್ದಲು ಶುರು ಮಾಡಿ, ಒಬ್ಬೊಬ್ಬರಾಗಿ ಎಲ್ಲ ಶಿಕ್ಷಕರ ಬಳಿಗೂ ಹೋಗಬೇಕೆಂಬುದು ಸರ್ ಯೋಚನೆ. ಭಾಲ್ಕಿಯಿಂದ ಬಸ್ಸು ಹತ್ತಿದೆವು. ಮಾಂಜ್ರಾ ಸೇತುವೆಯ ಮೇಲೆ ಹೋಗುವಾಗ ನೀರಿನ ಮೇಲಿನ ಬೆಳಕು ಬಸ್ಸಿನ ಚಾವಣಿಗೆ ಬಿದ್ದು ಅಲುಗುತ್ತಿತ್ತು. ಸರ್ ತಲೆ ಎತ್ತಿ ಅದನ್ನೇ ನೋಡುತ್ತ, "ಇಪ್ಪತ್ತೇಳು ವರ್ಷ," ಎಂದರು. ಅಷ್ಟೇ.

ಮೇಡಂ ಮನೆಯಲ್ಲಿ ಚಹಾ ಬಂತು. ಸರ್ ನಿಂತುಕೊಂಡೇ, ತಾವು ಕಲಿಸಿದ್ದು ಗಲತ್ ಆಗಿತ್ತು, ಮಕ್ಕಳಿಗೆ ಇನ್ನು ಮೇಲೆ ದಾಸೋಹದ ಕಥೆ ಹೇಳಬೇಡ ಎಂದರು. ನಾನು ಸಾಕ್ಷಿಯಾಗಿ ಕೋಷ್ಟಕ ತೆರೆದು ತೋರಿಸಿದೆ. ಮೇಡಂ ಅದನ್ನು ನೋಡಲಿಲ್ಲ.

"ಕುಂದರ್ರಿ ಸರ್. ಆ ಕೋಷ್ಟಕ ನನಗೂ ಗೊತ್ತದ. ಬಿ.ಎಸ್ಸಿ. ಓದುವಾಗೇ ನೋಡೇನಿ."

"ಹಂಗಾರ ಯಾಕ ತಪ್ಪು ಹೇಳ್ಲತ್ತೀದಿ?"

"ಯಾಕಂದ್ರ ಆ ಕತಿ ಕೇಳೇ ನಾ ವಿಜ್ಞಾನ ತಗೊಂಡಿದ್ದು. ಅಂಗಳಾ ದಾಟಿ ಹೊರಗ ಬಂದಿದ್ದು ಅದರ ಸಲುವಾಗೇ. ನಾಳಿ ಖರೇ ಗೊತ್ತಾಗ್ತದ, ಆಗ್ಲಿ. ಮೊದ್ಲು ಹುಡುಗ್ರು ಬಾಗಿಲ ಒಳಗರೇ ಬರ್ಲಿ."

ನನಗೆ ಇಂಥ ವಾದ ಸಿಕ್ಕರೆ ಹಬ್ಬ. "ಅಂದ್ರ ಸುಳ್ಳು ಹೇಳಿ ಕರಿಯೋದು ನ್ಯಾಯ ಅಂತೀರೇನು ಮೇಡಂ?"

ಅವರು ನನ್ನ ಕಡೆ ತಿರುಗಿದರು. "ನೀನೇ ಏನು ದರೋಡಿ ಅಂದಾಕಿ? ಶಾಣ್ಯಾ ಇದ್ದೀದಿ ತಂಗಿ. ಸರ್ ಮುಂದಿನ ವರ್ಷದಿಂದ ಪಾಠಾ ಬಿಟ್ಟು ಬರೇ ಲ್ಯಾಬಿನಾಗ ಕುಂದರ್ತಾರಂತ, ಪ್ರಿನ್ಸಿಪಾಲರಿಗಿ ಅರ್ಜಿ ಕೊಟ್ಟಾರಂತ, ಅದರೇ ಗೊತ್ತದೇನು ನಿನಗ?"

ಗೊತ್ತಿರಲಿಲ್ಲ. ಸರ್ ಮಫ್ಲರಿನ ದಾರ ಎಳೆಯುತ್ತ ಕುಳಿತಿದ್ದರು. "ಬಾಯಿ ತಗದ್ರ ಇನ್ನೇನು ತಪ್ಪು ಹೇಳ್ತೇನೋ ಅನಸ್ತದ," ಎಂದರು, ನಮ್ಮಿಬ್ಬರಿಗೂ ಅಲ್ಲದೆ ಚಹಾದ ಕಪ್ಪಿಗೆ ಹೇಳಿದ ಹಾಗೆ. ವಾಪಸ್ ಬರುವಾಗ ನೀರಿನ ಬೆಳಕು ಇರಲಿಲ್ಲ. ಅವರು ನಿದ್ದೆ ಮಾಡಿದರು, ಅಥವಾ ಕಣ್ಣು ಮುಚ್ಚಿಕೊಂಡರು.

ಆ ಇಡೀ ಸಂಜೆ ನಾನು ಕೋಷ್ಟಕವನ್ನೇ ನೋಡಿದೆ. ಸಂಖ್ಯೆಗಳು ನನ್ನ ಪರವಾಗಿದ್ದವು, ಈಗಲೂ ಇವೆ. ನಾನು ತಪ್ಪು ಹೇಳಿರಲಿಲ್ಲ. ಆದರೆ ಕತ್ತಲ ತರಗತಿಯಲ್ಲಿ ಕೆಂಪು ಚುಕ್ಕೆ ಕಣ್ಣು ತೆರೆಯುವುದು ಇನ್ನು ಮುಂದೆ ನಡೆಯುವುದಿಲ್ಲ, ಮುಂದಿನ ವರ್ಷ ಬರುವ ಹುಡುಗ ಹುಡುಗಿಯರು ಅದನ್ನು ನೋಡುವುದಿಲ್ಲ. ಅದಕ್ಕೆ ಕಾರಣ ನನ್ನದೊಂದು ಒಳ್ಳೆಯ ವಾಕ್ಯ.

ಸೋಮವಾರ ರೈಲು ಹತ್ತಿದವಳೇ ಕೊಡೆ ಎತ್ತಿ ಕುಳಿತೆ. "ಸರ್, ತಕರಾರ್ ಅದ."

"ಹೇಳವ್ವಾ."

"ನಿಮ್ಮ ದಾಸೋಹದ ಕತಿ ಸರಿ ಅದ. ದರೋಡಿ ಅಂದಿದ್ದು ನಂದು ತಪ್ಪು."

ಅವರು ಚಾಕು ನಿಲ್ಲಿಸಿದರು. ನಾನು ಪರ ಪಕ್ಷದ ಜಾಗದಲ್ಲಿ ನಿಂತು ಶುರು ಮಾಡಿದೆ. "ದಾಸೋಹ ಅಂದ್ರ ಸಲೀಸಾಗಿ ಕೊಡೋದು ಅಂತ ಯಾರ್ ಹೇಳ್ಯಾರ? ಹೆಚ್ಚಾಗಿದ್ದು ಕೊಟ್ರ ಅದೇನ್ ದೊಡ್ಡ ಮಾತು? ಕೊಡುವಾಗ ನೋವು ಆಗ್ಬೇಕು, ನೂರಾ ನಲವತ್ತೇಳು ಕಡಿಮಿ ಬೀಳ್ಬೇಕು, ಆಮ್ಯಾಲೆ ಎಲ್ಲಾರು ಹತ್ತಿರ ಬಂದು ಸಾಲಾಗಿ ಕುಂತಾಗ ಆ ಕೊರತಿ ತುಂಬ್ಬೇಕು. ಒಬ್ಬನ ಮನಿಯಾಗ ದಾಸೋಹ ಆಗ್ತದೇನ್ರಿ? ಪಂಕ್ತಿ ಬೇಕಲ್ಲ? ಆರು ಮಂದಿ ಸುತ್ತ ಕುಂತಾರಂತ ನೀವೇ ಹೇಳೀರಿ. ಕತಿ ತಪ್ಪಿಲ್ರಿ. ನಗ್ತಾ ಕೊಡ್ತದ ಅಂದಿದ್ದೊಂದೇ ತಪ್ಪು."

ಗಾಡಿ ಕಪ್ಪು ಹೊಲಗಳ ನಡುವೆ ಹೋಗುತ್ತಿತ್ತು. ಅವರು ಹೊರಗೆ ನೋಡಿದರು. ಬೇವಿನ ಗಿಡ ದಾಟಿತು. ತಂತಿಯ ಮೇಲಿನ ಹಕ್ಕಿ ದಾಟಿತು. ಎರಡು ನಿಮಿಷ.

"ನೀ ಇದನ್ನ ನಂಬ್ತೀದೇನು?"

"ಬಿಲ್ಕುಲ್ ಇಲ್ರಿ. ಪರಮಾಣುವಿಗಿ ಭಕ್ತಿನೂ ಇಲ್ಲ, ನೋವೂ ಇಲ್ಲ."

"ಹಂಗಾರ ವಾದಾ ಯಾಕ ಮಾಡ್ಲತ್ತೀದಿ?"

"ನೀವು ಮಾಡ್ಲತ್ತಿಲ್ಲಲ್ಲ, ಅದಕ್ಕ. ನೀವೂ ನನ್ನ ಹಂಗೇ ಅನ್ಲತ್ತೀರಿ. ಎದುರು-ಬದುರು ಒಂದೇ ಥರದವ್ರು ನಿಂತ್ರ ಒಡೀತದ ಅಂತ ಸುತ್ತಿಗಿ ಹೊಡದು ತೋರಿಸಿದಾವ್ರು ಯಾರ್ರಿ?"

ಅವರು ನಕ್ಕರು. ಮೊದಲು ಮಫ್ಲರಿನ ಒಳಗೆ, ಆಮೇಲೆ ಡಬ್ಬಿಗೆಲ್ಲ ಕೇಳುವ ಹಾಗೆ. ಜೇಬಿನಿಂದ ಪುಡಿಕೆ ತೆಗೆದು ಬಿಚ್ಚಿದರು. ಸೀಟಿನ ಮೇಲೆ ಇಡಲಿಲ್ಲ. "ಕೈ ಕೊಡು" ಎಂದು ನನ್ನ ಅಂಗೈ ಹಿಡಿದು, ಹರಳುಪ್ಪನ್ನು ಅದರೊಳಗೆ ಸುರಿದು, ಬೆರಳುಗಳನ್ನು ಮಡಿಚಿದರು.

"ಜಗಳಾ ಆಗ್ತದಂತಾರ. ಆಗ್ಲಿ. ಅದು ನಿಂದರಬಾರದು."

ಸರ್ ತಮ್ಮ ಅರ್ಜಿಯನ್ನು ವಾಪಸ್ ತೆಗೆದುಕೊಂಡರು. ಮುಂದಿನ ವರ್ಷ ನಾನು ಕಾರಿಡಾರಿನಲ್ಲಿ ನಿಂತು ಕೇಳಿದೆ. ಕಿಟಕಿ ಮುಚ್ಚಿದ ತರಗತಿಯೊಳಗಿನಿಂದ ಅದೇ ಧ್ವನಿ: "ಸೋಡಿಯಂ ನಗ್ತಾ ಕೊಡಂಗಿಲ್ಲ. ಹಿಂದ ಒಬ್ಬಾಕಿ ವಕೀಲ ಸಾಹೇಬ್ರು ಇದನ್ನ ದರೋಡಿ ಅಂದಿದ್ರು. ದರೋಡಿಯೋ ದಾಸೋಹನೋ ನೀವೇ ಹೇಳ್ರಿ. ಆದ್ರ ಮೊದ್ಲು ಕೋಷ್ಟಕಾ ತಗೀರಿ."

ಆಮೇಲೆ ನಾನು ನಿಜವಾಗಿಯೂ ವಕೀಲಿಕೆ ಓದಲು ಕಲಬುರ್ಗಿಗೆ ಹೋದೆ. ಅವರು ನಿವೃತ್ತರಾದರು. ನನ್ನ ಫೋನಿಗೆ ಸಂದೇಶ ಕಳಿಸುತ್ತಿದ್ದರು. "ಮೆಗ್ನೀಷಿಯಂ ಎರಡು ಕೊಡ್ತದ, ಆಕ್ಸಿಜನ್ ಎರಡು ಇಸ್ಕೋತದ. ಆ ಹರಳು ಉಪ್ಪಿನಕಿಂತ ಎಷ್ಟೋ ಗಟ್ಟಿ. ದೊಡ್ಡ ನೋವಿಗಿ ದೊಡ್ಡ ಬಂಧ. ತಕರಾರ್ ಏನು?" ನಾನು ಕೋರ್ಟಿನ ವರಾಂಡದಲ್ಲೋ ಬಸ್ಸಿನಲ್ಲೋ ಇರುತ್ತಿದ್ದೆ. ಒಂದು ಹೆಬ್ಬೆರಳಿನ ಚಿತ್ರ ಕಳಿಸುತ್ತಿದ್ದೆ. ಮುಂದಿನ ತಿಂಗಳು ಮತ್ತೊಂದು ತಕರಾರ್, ಮತ್ತೊಂದು ಹೆಬ್ಬೆರಳು. ಸರಿ ಸರ್, ಹೌದು ಸರ್, ನೀವು ಹೇಳಿದ್ದೇ ಖರೇ ಸರ್. ಅವರ ಪಕ್ಕಕ್ಕೇ ಹೋಗಿ ನಿಂತುಬಿಟ್ಟಿದ್ದೆ. ಬರುತ್ತೇನೆ ಎಂದಿದ್ದೆ, ಹೋಗಿರಲಿಲ್ಲ. ನಾಲ್ಕು ವರ್ಷ.

ಗೋಡೆಯ ಮೇಲಿನ ಬಿಸಿಲು ಕೆಳಗಿಳಿದಿತ್ತು. ಅಮ್ಮ ಹೊರಗೆ ಬಂದರು. ಕೈಯಲ್ಲಿ ತಟ್ಟೆ, ಅದರಲ್ಲಿ ನಾಲ್ಕು ಹೋಳು ಮಾಡಿದ ಪೇರಲ, ಅಂಚಿಗೆ ಒಂದಿಷ್ಟು ಹರಳುಪ್ಪು. ತಟ್ಟೆಯನ್ನು ನನ್ನ ಮುಂದೆ ಇಟ್ಟು, "ತಗೋರಿ" ಎಂದು ದೂರದ ಕುರ್ಚಿಯ ಕಡೆ ಹೊರಟರು.

ನಾನು ಅಂಗೈ ಚಾಚಿದೆ. "ಅಮ್ಮಾ, ಉಪ್ಪು ಕೈಗೇ ಹಾಕ್ರಿ."

"ತಟ್ಯಾಗೇ ಅದಲ್ರಿ."

"ಇರ್ಲಿ. ನೀವು ಹಾಕ್ರಿ."

"ಕೈಗಿ ಹಾಕಬಾರದ್ರಿ. ಜಗಳಾ ಆಗ್ತದ."

"ಗೊತ್ತದ," ಎಂದೆ. ಕೈ ಹಿಂದಕ್ಕೆ ತೆಗೆಯಲಿಲ್ಲ.

ಅವರು ಬಹಳ ಹೊತ್ತು ನನ್ನ ಅಂಗೈಯನ್ನು ನೋಡಿದರು. ಆಮೇಲೆ ಬಗ್ಗಿ, ತಟ್ಟೆಯ ಅಂಚಿನ ಉಪ್ಪನ್ನು ಮೂರು ಬೆರಳಲ್ಲಿ ಎತ್ತಿ ನನ್ನ ಕೈಯೊಳಗೆ ಹಾಕಿದರು. ಹಾಕಿದವರು ಕೈ ಬಿಡಲಿಲ್ಲ, ಬಿಗಿಯಾಗಿ ಹಿಡಿದರು.

"ಏ ಹುಡುಗಿ! ನಾಕು ವರ್ಷ! ದಿನಾ ಫೋನ್ ತಗದು ನೋಡ್ತಿದ್ರು, ಆಕಿ ಏನರೇ ತಕರಾರ್ ಬರದಾಳೇನಂತ. ಹೆಬ್ಬಟ್ಟು ಕಳಸ್ತಿಯೇನು ನೀನು? ಅವರಿಗಿ ಹೆಬ್ಬಟ್ಟು ಕಳಸ್ತಿಯೇನು?"

ಬೈದರು. ಗೋಡೆಯ ಬಿಸಿಲು ಆರುವವರೆಗೂ ಬೈದರು. ಅವರು ಹಿಡಿದ ಮುಷ್ಟಿಯೊಳಗೆ ಉಪ್ಪು ಮೆಲ್ಲಗೆ ಒದ್ದೆಯಾಗುತ್ತಿತ್ತು.